ಹೆಂಡತಿಯ ಹ್ಯಾಂಡಿಕ್ಯಾಪ್

ಏಳನೇ ಗುಳಿಯ ಎದುರಿಗೆ ಕಾರ್ಡಿನಲ್ಲಿ ನಾಲ್ಕು ಎಂದಿತ್ತು. ಅನಂತರಾಮು ಫೋನಿನಲ್ಲಿ ಐದು ಒತ್ತಿದರು.

ಒತ್ತಿದ ಮೇಲೆ ಕತ್ತೆತ್ತಿ ಅಡುಗೆಮನೆಯ ಕಡೆ ನೋಡಿದರು. ಅಲಮೇಲು ಬೆನ್ನು ಹಾಕಿ ನಿಂತು ಹುಳಿಗೆ ಒಗ್ಗರಣೆ ಕೊಡುತ್ತಿದ್ದರು. ಅರವತ್ತೊಂದು ವರ್ಷದ ಹೆಂಗಸು. ಬೆಳಿಗ್ಗೆ ಆರಕ್ಕೆ ಹೊರಟು, ಕನಕಪುರ ರಸ್ತೆಯಾಚೆಯ ಕ್ಲಬ್ಬಿನಲ್ಲಿ ಹದಿನೆಂಟು ಗುಳಿ ಆಡಿ, ಮನೆಗೆ ಬಂದು ಸ್ನಾನ ಮಾಡಿ ಸೀರೆ ಸುತ್ತಿಕೊಂಡು ಒಲೆಯ ಮುಂದೆ ನಿಂತಿದ್ದರು. ಅನಂತರಾಮು ಅವರಿಗೆ ಸೊಂಟ ಹಿಡಿದುಕೊಂಡಿತ್ತು.

“ಹಾಕಿದ್ರಾ?” ಅಲಮೇಲು ಅಲ್ಲಿಂದಲೇ ಕೇಳಿದರು.

“ಹಾಕ್ತಿದೀನಿ.”

“ನಂದು ಎಷ್ಟಕ್ಕಿಳೀತು?”

“ಇಳೀಲಿಲ್ಲ ಕಣೆ. ಇಪ್ಪತ್ನಾಲ್ಕು ಪಾಯಿಂಟ್ ಮೂರು. ಅಲ್ಲೇ ನಿಂತಿದೆ.”

“ಅಯ್ಯೋ, ಇವತ್ತು ಚೆನ್ನಾಗ್ ಆಡ್ದೆ ಅನ್ಕೊಂಡಿದ್ನಲ್ರೀ.”

“ನಮಗೆ ಅನ್ಸೋದೇ ಬೇರೆ, ಲೆಕ್ಕ ಬರೋದೇ ಬೇರೆ,” ಎಂದು ಅನಂತರಾಮು ಹದಿಮೂರನೇ ಗುಳಿಗೆ ಇನ್ನೊಂದು ಏಟು ಸೇರಿಸಿದರು.

ಗಾಲ್ಫಿನ ಲೆಕ್ಕ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಚೆಂಡಿಗೆ ಕಡಿಮೆ ಏಟು ಹೊಡೆದು ಗುಳಿಗೆ ಹಾಕಿದವರೇ ಗಟ್ಟಿಗರು. ಆಡಿದ ಕಡೆಯ ಇಪ್ಪತ್ತು ಆಟಗಳಲ್ಲಿ ಚೆನ್ನಾಗಿರುವ ಎಂಟನ್ನು ಆರಿಸಿ, ಮೈದಾನ ಎಷ್ಟು ಕಷ್ಟದ್ದು ಎಂದು ನೋಡಿ, ಕ್ಲಬ್ಬಿನ ಆ್ಯಪ್ ಒಂದು ಅಂಕಿ ಕೊಡುತ್ತದೆ. ಅದು ಹ್ಯಾಂಡಿಕ್ಯಾಪ್. ಅಂಕಿ ಇಳಿದಷ್ಟೂ ಆಡುವವರ ಮರ್ಯಾದೆ ಏರುತ್ತದೆ. ಹೆಂಗಸರು ನಾಲ್ಕು ಹೆಜ್ಜೆ ಮುಂದಿನಿಂದ ಹೊಡೆಯುತ್ತಾರೆ ಎಂದು ಗಂಡಸರು ಗೊಣಗುವಂತೆಯೂ ಇಲ್ಲ, ಆ್ಯಪ್ ಅದನ್ನೂ ಹಿಡಿದೇ ಲೆಕ್ಕ ಹಾಕುತ್ತದೆ. ಅನಂತರಾಮು ಅವರ ಅಂಕಿ ಇಪ್ಪತ್ತೆರಡು ಪಾಯಿಂಟ್ ಮೂರು. ನಾಲ್ಕು ವರ್ಷದಿಂದ ಅದು ಅಲುಗಾಡಿರಲಿಲ್ಲ.

ಅವರು ಸರ್ಕಾರಿ ಕಾರ್ಖಾನೆಯೊಂದರಲ್ಲಿ ಜನರಲ್ ಮ್ಯಾನೇಜರ್ ಆಗಿ ನಿವೃತ್ತರಾದವರು. ಕ್ಲಬ್ಬಿನ ಸದಸ್ಯತ್ವ ಕಾರ್ಖಾನೆ ಕೊಟ್ಟದ್ದು. ಇಪ್ಪತ್ತಾರು ವರ್ಷ ಆಡಿದ್ದರು, ಪುಸ್ತಕ ಓದಿದ್ದರು, ಕೋಚಿಂಗ್ ತೆಗೆದುಕೊಂಡಿದ್ದರು. ಅಲಮೇಲು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವರು; ಸಕ್ಕರೆ ಕಾಯಿಲೆಗೆ ದಿನಾ ನಡೆಯಬೇಕು ಎಂದು ಡಾಕ್ಟರು ಹೇಳಿದ್ದರಿಂದ ಗಂಡನ ಹಿಂದೆ ಮೈದಾನ ಸುತ್ತಲು ಬಂದವರು. ಒಂದು ದಿನ ಸುಮ್ಮನೆ ಕೋಲು ಕೇಳಿ ಹೊಡೆದರು. ಚೆಂಡು ನೆಟ್ಟಗೆ ಹೋಯಿತು. ಬ್ಯಾಗು ಹೊರುವ ಹೊಳೆಪ್ಪ, ಬಾಗಲಕೋಟೆ ಕಡೆಯ ಐವತ್ತು ದಾಟಿದ ಆಸಾಮಿ, ಬ್ಯಾಗು ಕೆಳಗಿಟ್ಟು ನೋಡಿದ.

“ಅಮ್ಮಾರ ಕೈಯಾಗ ಏನೋ ಐತ್ರಿ ಸಾಹೇಬ್ರ. ನೀವು ಸಿಟ್ಟಿಲೆ ಹೊಡೀತೀರಿ. ಅವರು ಸಮಾಧಾನಲೆ ಹೊಡೀತಾರ, ಚೆಂಡು ಹೇಳಿದಂಗ ಕೇಳತೈತಿ.”

ಅವತ್ತು ಅನಂತರಾಮು ಹೆಮ್ಮೆಯಿಂದ ನಕ್ಕಿದ್ದರು. ಹೆಂಡತಿಗೆ ತಾವೇ ಆ್ಯಪಿನಲ್ಲಿ ಖಾತೆ ತೆರೆದುಕೊಟ್ಟರು. ಗ್ಯಾಸ್ ಬುಕಿಂಗು, ಕರೆಂಟ್ ಬಿಲ್ಲು, ರೈಲು ಟಿಕೆಟ್ಟು, ಆ ಮನೆಯಲ್ಲಿ ಆನ್‌ಲೈನ್ ಎಂಬುದೆಲ್ಲ ಅನಂತರಾಮು ಅವರ ಇಲಾಖೆ. ಇದೂ ಅದರಲ್ಲಿ ಸೇರಿತು. ಆಟದಲ್ಲಿ ಒಬ್ಬರ ಕಾರ್ಡು ಇನ್ನೊಬ್ಬರು ಬರೆಯಬೇಕು ಎಂಬುದು ನಿಯಮ. ಅಲಮೇಲು ಅವರ ಕಾರ್ಡನ್ನು ಅನಂತರಾಮು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು, ಅನಂತರಾಮು ಅವರದನ್ನು ಅಲಮೇಲು. ಮನೆಗೆ ಬಂದ ಮೇಲೆ ಎರಡನ್ನೂ ಆ್ಯಪಿಗೆ ಏರಿಸಿ, ‘ನೋಡಿದ್ದೇನೆ, ಸರಿಯಿದೆ’ ಎಂದು ಎರಡರ ಪರವಾಗಿಯೂ ಒತ್ತುವವರು ಅನಂತರಾಮು ಒಬ್ಬರೇ.

ಎರಡು ವರ್ಷದಲ್ಲಿ ಅಲಮೇಲು ಅಂಕಿ ಮೂವತ್ತಾರರಿಂದ ಮೂವತ್ತೊಂದಕ್ಕೆ, ಇಪ್ಪತ್ತೇಳಕ್ಕೆ, ಇಪ್ಪತ್ನಾಲ್ಕಕ್ಕೆ ಇಳಿಯಿತು. ಹೆಮ್ಮೆ ಇಪ್ಪತ್ತೇಳರವರೆಗೂ ಇತ್ತು. ಏಪ್ರಿಲ್‌ನಲ್ಲಿ ಇಪ್ಪತ್ತೆರಡು ಪಾಯಿಂಟ್ ಒಂಬತ್ತು ಆದಾಗ ಅನಂತರಾಮು ಅವರಿಗೆ ಊಟ ಸೇರಲಿಲ್ಲ. ಮುಂದಿನ ಭಾನುವಾರ ಆಕೆ ತೊಂಬತ್ತು ಏಟಿನಲ್ಲಿ ಆಟ ಮುಗಿಸಿದರು. ಅದನ್ನು ಹಾಗೆಯೇ ಹಾಕಿದ್ದರೆ ಹೆಂಡತಿ ಗಂಡನ ಕೆಳಗಿಳಿಯುವುದು, ಅಂದರೆ ಮೇಲೇರುವುದು, ಖಂಡಿತವಿತ್ತು. ಅವರ ಬೆರಳು ಒಂದು ಏಟು ಹೆಚ್ಚು ಒತ್ತಿತು. ತಪ್ಪಿ ಒತ್ತಿದೆ ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಇನ್ನೂ ಮೂರು ಗುಳಿಗಳಲ್ಲಿ ತಪ್ಪಿ ಒತ್ತಿದರು.

ಇದು ಹೊಟ್ಟೆಕಿಚ್ಚು. ಬೇರೆ ಹೆಸರಿಟ್ಟು ಸುತ್ತಿ ಬಳಸುವುದರಲ್ಲಿ ಅರ್ಥವಿಲ್ಲ. ಪಕ್ಕದ ಮನೆಯವರ ಮೇಲೆ, ಷಡ್ಡಕನ ಮೇಲೆ ಹೊಟ್ಟೆಕಿಚ್ಚು ಪಟ್ಟರೆ ಮನೆಗೆ ಬಂದು ಹೆಂಡತಿಯ ಮುಂದೆ ಹೇಳಿಕೊಂಡು ಹಗುರಾಗಬಹುದು. ಹೆಂಡತಿಯ ಮೇಲೇ ಹೊಟ್ಟೆಕಿಚ್ಚು ಪಡುವವನು ಯಾರ ಮುಂದೆ ಹೇಳಿಕೊಳ್ಳಬೇಕು? ಆಕೆ ಚೆಂಡು ಹೊಡೆದು ಕೈ ಅಡ್ಡ ಹಿಡಿದು ದೂರ ನೋಡುವ ರೀತಿ ಅವರ ಕಣ್ಣಿಗೆ ಚುಚ್ಚುತ್ತಿತ್ತು. ಕ್ಲಬ್ಬಿನ ಕ್ಯಾಂಟೀನಿನಲ್ಲಿ ಮೂಲೆಯ ಟೇಬಲಿನವರು “ಮೇಡಂ, ಸಖತ್ ಶಾಟ್” ಎಂದರೆ ಕಾಫಿ ಕಹಿಯಾಗುತ್ತಿತ್ತು. ಮನೆಗೆ ಬಂದು ಆಟಕ್ಕೆ ಮೂರೋ ನಾಲ್ಕೋ ಏಟು ಸೇರಿಸಿ, ಇಪ್ಪತ್ನಾಲ್ಕರ ಆಸುಪಾಸಿಗೆ ಆಕೆಯನ್ನು ದಬ್ಬಿ ಕೂರಿಸಿದ ಮೇಲೆಯೇ ಊಟ ರುಚಿಸುತ್ತಿತ್ತು. ಆರು ತಿಂಗಳು ಹೀಗೆ ನಡೆಯಿತು.

ತಾನೊಂದು ಬಗೆದರೆ ದೈವ ಬೇರೊಂದು ಬಗೆಯಿತು. ಅಕ್ಟೋಬರಿನಲ್ಲಿ ಕ್ಲಬ್ಬಿನ ವಾರ್ಷಿಕ ಕಪ್. ಇಂಥ ಪಂದ್ಯದಲ್ಲಿ ಹೊಡೆದ ಒಟ್ಟು ಏಟುಗಳಿಂದ ಅವರವರ ಹ್ಯಾಂಡಿಕ್ಯಾಪನ್ನು ಕಳೆದು, ಉಳಿದದ್ದು ಯಾರದು ಕಡಿಮೆಯೋ ಅವರಿಗೆ ಕಪ್ ಕೊಡುತ್ತಾರೆ. ಕಳೆಯುವ ಅಂಕಿ ದೊಡ್ಡದಿದ್ದಷ್ಟೂ ಲಾಭ. ಇಪ್ಪತ್ತಾರು ವರ್ಷ ಆಡಿದ ಮನುಷ್ಯನಿಗೆ ಇದು ಹೊಳೆಯಲೇ ಇಲ್ಲ. ಹೊಟ್ಟೆ ಉರಿಯುವಾಗ ತಲೆ ಓಡುವುದಿಲ್ಲ. ಅಲಮೇಲು ತೊಂಬತ್ತು ಹೊಡೆದರು. ಇಪ್ಪತ್ನಾಲ್ಕು ಕಳೆದು ಅರವತ್ತಾರು. ಎರಡನೇ ಸ್ಥಾನದ ಸೋಮನಾಥ್ ಎಪ್ಪತ್ತೊಂದು. ಅನಂತರಾಮು ಎಷ್ಟನೆಯವರಾಗಿ ಬಂದರು ಎಂಬುದನ್ನು ಯಾರೂ ಕೇಳಲಿಲ್ಲ.

ಹುಲ್ಲಿನ ಮೇಲೆ ಕುರ್ಚಿ ಹಾಕಿ ಕಪ್ ಕೊಟ್ಟರು. ಅನಂತರಾಮು ಚಪ್ಪಾಳೆ ತಟ್ಟಿದರು, ಫೋಟೋ ತೆಗೆದರು. ನಾನೇ ಕೈಯಾರೆ ಏಟು ಏರಿಸಿ ಏರಿಸಿ ಹೆಂಡತಿಗೆ ಕಪ್ ಗೆಲ್ಲಿಸಿಕೊಟ್ಟೆ ಎಂದು ಆಗ ಅರಿವಾಯಿತು. ಅರಿವಾದ ಮೇಲೂ ಆ ಕಪ್ಪಿನ ಮೇಲೆ ಅಸೂಯೆಯಾಯಿತು.

ಅಷ್ಟರಲ್ಲಿ ಹೊಟ್ಟೆಕಿಚ್ಚು ಸೋಮನಾಥ್‌ಗೂ ತಗುಲಿತ್ತು. ಆತ ಸಿಮೆಂಟ್ ಏಜೆನ್ಸಿ ನಡೆಸಿ ಕೈಬಿಟ್ಟವನು. ಮಾತಿಗೆ ಬೇಲಿ ಇಲ್ಲ. ಸದಸ್ಯರ ವಾಟ್ಸ್ಆ್ಯಪ್ ಗುಂಪಿನಲ್ಲಿ ಮಾರನೆಯ ದಿನವೇ ಬರೆದ: ‘ಇಪ್ಪತ್ನಾಲ್ಕರ ಆಟಗಾರರು ಐದು ಏಟಿನ ಅಂತರದಲ್ಲಿ ಗೆಲ್ಲುವುದು ಪವಾಡ. ಸ್ಕೋರುಗಳನ್ನು ಬೇಕೆಂದೇ ಜಾಸ್ತಿ ತೋರಿಸಿರಬಹುದೇ? ತನಿಖೆಯಾಗಲಿ.’ ಎರಡು ದಿನ ಬಿಟ್ಟು ಹ್ಯಾಂಡಿಕ್ಯಾಪ್ ಸಮಿತಿಯ ಶಶಿಕಾಂತ್ ಫೋನ್ ಮಾಡಿದರು. ಬನಶಂಕರಿಯಲ್ಲಿ ಹಲ್ಲಿನ ಡಾಕ್ಟರು, ಮೃದು ಮಾತಿನವರು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಬಂದು ಹೋಗಬೇಕು, ಹಳೆಯ ಕಾರ್ಡೇನಾದರೂ ಇದ್ದರೆ ತರಬೇಕು ಎಂದರು.

“ಇದೇನ್ರೀ, ನನ್ನ ಕಳ್ಳಿ ಅಂತಾರೆ!” ಅಲಮೇಲು ಮುಖ ಕೆಂಪಾಗಿತ್ತು. “ಮೂವತ್ತು ವರ್ಷ ಕಾಪಿ ಹೊಡೆಯೋ ಮಕ್ಕಳನ್ನ ಎಬ್ಬಿಸಿ ನಿಲ್ಸಿದೀನಿ ನಾನು. ಬರ್ತೀನಿ ಅಂತ ಹೇಳಿ. ಕಾರ್ಡೆಲ್ಲಾ ಇದೆ ನನ್ನ ಹತ್ರ.”

“ಕಾರ್ಡು ಇದೆಯಾ? ಅದನ್ನ ಯಾಕೆ ಇಟ್ಕೊಂಡಿದೀಯ?”

“ಕಾಗದ ಬಿಸಾಕೋ ಮನೆತನ ಅಲ್ಲ ನಮ್ಮದು.”

ಶುಕ್ರವಾರ ಮಧ್ಯಾಹ್ನ ಅಲಮೇಲು ಸೀರೆಯ ಡಬ್ಬಿಯಿಂದ ಕಾರ್ಡುಗಳನ್ನು ತೆಗೆದು ಊಟದ ಮೇಜಿನ ಮೇಲೆ ತಾರೀಖಿನ ಪ್ರಕಾರ ಜೋಡಿಸಿದರು. ಕಡೆಯ ಇಪ್ಪತ್ತು ಸಾಕಿತ್ತು. ಅವರು ಏಪ್ರಿಲ್‌ನಿಂದ ಎಲ್ಲವನ್ನೂ ಇಟ್ಟರು. ಎಲ್ಲದರ ಮೇಲೂ ಅನಂತರಾಮು ಅವರ ದುಂಡು ಅಕ್ಷರ, ಕೆಳಗೆ ಅಲಮೇಲು ಸಹಿ. “ನಾನು ಕಾರ್ಡ್ ಓದ್ತೀನಿ, ನೀವು ಆ್ಯಪ್ ನೋಡಿ ಹೇಳಿ,” ಎಂದರು. “ಸೆಪ್ಟೆಂಬರ್ ಏಳು. ತೊಂಬತ್ತೊಂದು.”

ಅನಂತರಾಮು ಫೋನು ನೋಡಿದರು. “ನೆಟ್‌ವರ್ಕ್ ಬರ್ತಿಲ್ಲ.”

“ಮನೇಲಿ ವೈಫೈ ಇದ್ಯಲ್ರೀ.” ಅಲಮೇಲು ಕೈ ಚಾಚಿ ಫೋನು ತೆಗೆದುಕೊಂಡರು. ತೊಂಬತ್ತೈದು ಎಂದಿತ್ತು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು. ಮುಂದಿನ ಕಾರ್ಡು, ಅದರ ಮುಂದಿನದು. ಇಪ್ಪತ್ತರಲ್ಲಿ ಒಂದೂ ತಾಳೆಯಾಗಲಿಲ್ಲ. ಅನಂತರಾಮು ನೆಲದ ಮೊಸಾಯಿಕ್ ನೋಡುತ್ತ ಕುಳಿತರು.

“ಏನ್ರೀ ಇದು?” ಎಂದರು ಅಲಮೇಲು. ಆಮೇಲೆ, ಅನಂತರಾಮು ಕನಸಿನಲ್ಲೂ ನೆನೆಸದ ರೀತಿಯಲ್ಲಿ, ಆಕೆಯ ದನಿ ಮೆತ್ತಗಾಯಿತು. “ನನಗೆ ಕಪ್ ಬರ್ಲಿ ಅಂತ ಹೀಗ್ ಮಾಡಿದ್ರಾ?”

ಅನಂತರಾಮು ಓರೆಯಾಗಿದ್ದ ಕಾರ್ಡೊಂದನ್ನು ಎಳೆದು ಸಾಲಿಗೆ ಸೇರಿಸಿದರು.

“ಥೂ, ಎಂಥಾ ಕೆಲಸ! ಈ ವಯಸ್ಸಲ್ಲಿ! ಯಾರಾದ್ರೂ ಕೇಳಿದ್ರಾ ನಿಮ್ಮನ್ನ?” ಎಂದು ಅಲಮೇಲು ಒಂದೇ ಸಮನೆ ಬೈದರು. ಬೈಯುತ್ತಲೇ ಕಾರ್ಡುಗಳನ್ನು ಜೋಪಾನವಾಗಿ ಒಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿದರು. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಗಂಡ ಒಂದು ಹುಟ್ಟುಹಬ್ಬ ನೆನಪಿಟ್ಟವರಲ್ಲ. ಆರು ತಿಂಗಳು, ಭಾನುವಾರ ಭಾನುವಾರ ಕುಳಿತು, ತನಗೋಸ್ಕರ ಇಂಥ ಕಳ್ಳತನ ಮಾಡಿದ್ದಾರೆ! ಸಂಜೆ ಯಾರೂ ಕೇಳದೆ ಗೊಜ್ಜವಲಕ್ಕಿ ಮಾಡಿದರು. ಕೊಬ್ಬರಿ ಧಾರಾಳವಾಗಿತ್ತು. ಅನಂತರಾಮು ತಟ್ಟೆ ಹಿಡಿದು ಕುಳಿತರು. ಹೆಂಡತಿಯ ಮನಸ್ಸಿನಲ್ಲಿ ಹುಟ್ಟಿದ್ದ ಆ ಒಳ್ಳೆಯ ಗಂಡನ ಮೇಲೂ ಅವರಿಗೆ ಹೊಟ್ಟೆಕಿಚ್ಚಾಯಿತು. ರೂಮಿನಿಂದ ಅಲಮೇಲು ಫೋನಿನಲ್ಲಿ ಯಾರೊಂದಿಗೋ ಪಿಸುದನಿಯಲ್ಲಿ ನಗುತ್ತ ಮಾತಾಡುವುದು ಕೇಳಿಸಿತು.

ಶನಿವಾರ ಸಮಿತಿಯ ಕೋಣೆಯಲ್ಲಿ ಶಶಿಕಾಂತ್ ಇದ್ದರು, ದೂರು ಕೊಟ್ಟ ಸೋಮನಾಥ್ ಇದ್ದ. ಅಲಮೇಲು ಕಪ್ಪನ್ನು ಟವೆಲಿನಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟರು, ಪಕ್ಕದಲ್ಲಿ ಕಾರ್ಡುಗಳ ಕಂತೆ. ಶಶಿಕಾಂತ್ ಒಂದೊಂದನ್ನೂ ಕಂಪ್ಯೂಟರಿಗೆ ಹೋಲಿಸಿ ನೋಡಿದರು. ಐದಾರು ನೋಡುವಷ್ಟರಲ್ಲಿ ಅವರ ಮುಖ ಸಣ್ಣಗಾಯಿತು.

“ಕಾರ್ಡಲ್ಲಿರೋ ಹ್ಯಾಂಡ್‌ರೈಟಿಂಗ್ ನಿಮ್ದಾ ಸಾರ್?”

“ಹೌದು,” ಎಂದರು ಅನಂತರಾಮು.

“ಆ್ಯಪಿಗೆ ಹಾಕಿದ್ದು?”

“ಅದೂ ನಾನೇ.”

“ಮತ್ತೆ ಎರಡೂ ಬೇರೆ ಬೇರೆ ಇದ್ಯಲ್ಲ ಸಾರ್?”

ಅನಂತರಾಮು ಬಾಯಿ ತೆರೆಯುವ ಮೊದಲೇ ಅಲಮೇಲು ಹೇಳಿದರು. “ನನಗೆ ಕಪ್ ಬರ್ಲಿ ಅಂತ ಮಾಡ್ಬಿಟ್ಟಿದಾರೆ ಡಾಕ್ಟ್ರೇ. ನಿನ್ನೆವರೆಗೂ ನನಗೆ ಗೊತ್ತಿರ್ಲಿಲ್ಲ. ತಪ್ಪು ತಪ್ಪೇ. ಅದಕ್ಕೇ ಕಪ್ ವಾಪಸ್ ತಂದಿದೀನಿ.” ಹೇಳುವಾಗ ನಾಚಿಕೆಯಿತ್ತು; ಅದರೊಳಗೆ ಒಂದು ಬಗೆಯ ಸಂತೋಷವೂ ಇತ್ತು.

ಸೋಮನಾಥ್ ಜೋರಾಗಿ ನಕ್ಕ. “ಗೊತ್ತಿರ್ಲಿಲ್ವಾ? ಆರ್ ತಿಂಗಳು ಮೇಡಂ! ಒಂದೇ ಮನೆ, ಸ್ಕೋರ್ ಹಾಕೋ ಫೋನೂ ಒಂದೇ. ಗಂಡ ಕದ್ದು ತಂದಿದ್ದು ಹೆಂಡ್ತಿಗೆ ಗೊತ್ತಿರ್ಲಿಲ್ಲ ಅಂದ್ರೆ ಯಾವ ಪೊಲೀಸ್ ನಂಬ್ತಾನೆ ಹೇಳಿ.”

“ನಾನ್ ಸುಳ್ಳು ಹೇಳ್ತಿದೀನಿ ಅಂತೀರಾ?”

“ನಾನೇನೂ ಅಂತಿಲ್ಲ. ಜನ ಅಂತಾರೆ.”

ಶಶಿಕಾಂತ್ ಕೆಮ್ಮಿದರು. “ಮೇಡಂ, ನಿಯಮ ಹೀಗಿದೆ. ಅಂಕಿ ತಪ್ಪು ಅಂತ ಗೊತ್ತಿಲ್ಲದೆ ಆಡಿದ್ರೆ ನಿಮ್ಮ ಮೇಲೆ ಏನೂ ಬರಲ್ಲ. ಗೊತ್ತಿದ್ದೂ ಆಡಿದ್ರೆ ಒಂದು ವರ್ಷ ಹೊರಗೆ, ಹೆಸರು ನೋಟಿಸ್ ಬೋರ್ಡಿಗೆ ಹಾಕ್ತೀವಿ. ಸಾರ್ ನಿಮಗೋಸ್ಕರ ಮಾಡಿದಾರೆ ಅಂತ ನೀವೇ ಅಂತಿದೀರ. ಲಾಭ ಆಗಿದ್ದೂ ನಿಮಗೇ. ನಿಮಗೆ ಗೊತ್ತಿರ್ಲಿಲ್ಲ ಅಂತ ನಾನು ಏನಂತ ಬರೀಲಿ?” ಪೆನ್ನಿನ ಮುಚ್ಚಳ ತೆಗೆದು, ಬರೆಯಲು ಮನಸ್ಸಿಲ್ಲದೆ ಹಿಡಿದುಕೊಂಡರು.

ತಾವು ಎಬ್ಬಿಸಿ ನಿಲ್ಲಿಸಿದ ಮಕ್ಕಳು ಹೇಗೆ ನಿಲ್ಲುತ್ತಿದ್ದರೋ ಹಾಗೆ ಅಲಮೇಲು ಕುಳಿತಲ್ಲೇ ತಲೆ ತಗ್ಗಿಸಿದರು. ಅನಂತರಾಮು ಅದನ್ನು ನೋಡಿದರು. ಸುಮ್ಮನಿದ್ದರೆ ತಾವು ಹೆಂಡತಿಗಾಗಿ ಕದ್ದ ಗಂಡ. ಕ್ಲಬ್ಬಿನವರು ನಾಲ್ಕು ದಿನ ನಕ್ಕು ಬಿಡುತ್ತಾರೆ, ಮನೆಯಲ್ಲಿ ಗೊಜ್ಜವಲಕ್ಕಿ ಸಿಗುತ್ತದೆ. ಬೋರ್ಡಿನ ಮೇಲೆ ಮಾತ್ರ ಆಕೆಯ ಹೆಸರಿರುತ್ತದೆ.

“ಕಪ್ ಬರ್ಲಿ ಅಂತ ಅಲ್ಲ ಶಶಿಕಾಂತ್,” ಎಂದರು.

“ನೀವ್ ಸುಮ್ನಿರಿ,” ಎಂದರು ಅಲಮೇಲು.

“ಅಲ್ಲ. ಕಪ್ಪಿನ ಯೋಚನೆ ನನ್ನ ತಲೇಲೇ ಇರ್ಲಿಲ್ಲ. ಏಪ್ರಿಲ್‌ನಲ್ಲಿ ಇವಳು ನನಗಿಂತ ಕೆಳಗೆ ಇಳಿಯೋದ್ರಲ್ಲಿದ್ಲು. ನನ್ನದು ಇಪ್ಪತ್ತೆರಡು ಪಾಯಿಂಟ್ ಮೂರು. ಇವಳದು ಅದರ ಹತ್ರ ಬಂದಿದ್ದು ಯಾವತ್ತು, ಸುಳ್ಳು ಶುರುವಾಗಿದ್ದು ಯಾವತ್ತು, ತಾರೀಖು ತಾಳೆ ಹಾಕಿ ನೋಡಿ.” ಅವರು ಕಾರ್ಡುಗಳ ಕಂತೆಯನ್ನು ಶಶಿಕಾಂತ್ ಕಡೆಗೆ ದೂಡಿದರು. “ನನಗೆ ತಡ್ಕೊಳಕ್ಕೆ ಆಗ್ಲಿಲ್ಲ. ಹೊಟ್ಟೆ ಉರೀತು. ಇವಳು ನನಗಿಂತ ಚೆನ್ನಾಗ್ ಆಡ್ತಾಳೆ ಅಂತ ಯಾರಿಗೂ ಗೊತ್ತಾಗ್ಬಾರ್ದು ಅಂತ ಮಾಡ್ದೆ. ಇವಳಿಗೂ ಗೊತ್ತಾಗ್ಬಾರ್ದು ಅಂತ.”

ಸೋಮನಾಥ್ ನಗಲಿಲ್ಲ. ಶಶಿಕಾಂತ್ ಏಪ್ರಿಲ್‌ನ ಕಾರ್ಡುಗಳನ್ನು ಹುಡುಕಿ ತೆಗೆದರು. ಅಂಕಿ ಇಪ್ಪತ್ತೆರಡು ಪಾಯಿಂಟ್ ಒಂಬತ್ತು ಆಗುವವರೆಗೂ ಕಾರ್ಡಿಗೂ ಆ್ಯಪಿಗೂ ಒಂದು ಏಟಿನ ವ್ಯತ್ಯಾಸವಿರಲಿಲ್ಲ. ಅದರ ಮರುವಾರದಿಂದ ಒಂದೂ ಸರಿಯಿರಲಿಲ್ಲ. ಅವರು ಕಡೆಯ ಇಪ್ಪತ್ತು ಕಾರ್ಡುಗಳ ನಿಜವಾದ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿದರು.

“ಇಪ್ಪತ್ತು ಪಾಯಿಂಟ್ ನಾಲ್ಕು,” ಎಂದರು. “ಇದನ್ನೇ ಹಿಡಿದಿದ್ರೂ ಮೇಡಂಗೆ ಎಪ್ಪತ್ತು ಬರ್ತಿತ್ತು. ಸೋಮನಾಥ್‌ಗೆ ಎಪ್ಪತ್ತೊಂದು. ಕಪ್ ಮೇಡಂದೇ.”

ಆ ಸ್ಥಿತಿಯಲ್ಲೂ, ಮಾನ ಮೂರಾಬಟ್ಟೆಯಾಗಿ ಕುಳಿತಿದ್ದಾಗಲೂ, ಇಪ್ಪತ್ತು ಪಾಯಿಂಟ್ ನಾಲ್ಕು ಎಂಬ ಅಂಕಿ ಅನಂತರಾಮು ಅವರ ಎದೆಗೆ ಚುಚ್ಚಿತು. ಅನಂತರಾಮು ಅವರಿಗೆ ಒಂದು ವರ್ಷ ಹೊರಗೆ ಎಂದು ಶಶಿಕಾಂತ್ ಬರೆದರು, ಅನಂತರಾಮು ಸಹಿ ಹಾಕಿದರು. ಅಲಮೇಲು ಕಪ್ಪನ್ನು ಮತ್ತೆ ಟವೆಲಿನಲ್ಲಿ ಸುತ್ತಿದರು.

“ಇದು ನಂದೇ ಅಲ್ವಾ ಡಾಕ್ಟ್ರೇ? ಹಾಗಾದ್ರೆ ತಗೊಂಡ್ ಹೋಗ್ತೀನಿ.”

ಕಾರಿನಲ್ಲಿ ಕಪ್ ಅಲಮೇಲು ಮಡಿಲಿನಲ್ಲಿತ್ತು. ಕೋಣನಕುಂಟೆ ಕ್ರಾಸಿನ ಸಿಗ್ನಲ್‌ನಲ್ಲಿ ಗಾಡಿಗಳು ನಿಂತವು. ಮೇಲೆ ಮೆಟ್ರೋ ಹೋಯಿತು.

“ನಿನ್ನೆ ಹಂಸಾಗೆ ಫೋನ್ ಮಾಡಿದ್ದೆ,” ಎಂದರು ಅಲಮೇಲು. ಹಂಸಾ ಅವರ ತಂಗಿ. “ನಿಮ್ ಭಾವ ನನಗೋಸ್ಕರ ಕಳ್ಳರಾಗಿದಾರೆ ಕಣೆ ಅಂತ ಹೇಳ್ದೆ. ಅವಳು ನಕ್ಕೂ ನಕ್ಕೂ ಸುಸ್ತಾದ್ಲು. ಅಕ್ಕಾ, ನೀನು ಪುಣ್ಯವಂತೆ ಅಂದ್ಲು.”

“ಅಲಮೇಲು...”

“ನೀವು ಅಲ್ಲಿ ನಿಜ ಹೇಳಿದ್ದು ಒಳ್ಳೇದಾಯ್ತು. ನನ್ನ ಹೆಸರು ಉಳೀತು.” ಆಕೆ ಕಿಟಕಿಯಾಚೆ ನೋಡುತ್ತಲೇ ಹೇಳಿದರು. “ಹಂಸಾಗೆ ಮಾತ್ರ ನಾನು ಈ ನಿಜ ಹೇಳಲ್ಲ.”

ಆಮೇಲೆ ಕೈಚೀಲದಿಂದ ತಮ್ಮ ಫೋನು ತೆಗೆದು, ಕ್ಲಬ್ಬಿನ ಆ್ಯಪನ್ನು ಹುಡುಕಿ ಇಳಿಸಿಕೊಂಡರು. ಸಿಗ್ನಲ್‌ನಲ್ಲಿ ಇನ್ನೂ ತೊಂಬತ್ತು ಸೆಕೆಂಡ್ ಇತ್ತು.

“ನನ್ನ ಪಾಸ್‌ವರ್ಡ್ ಏನು?”

“ಅನಂತು. ಆಮೇಲೆ ನಾನು ಹುಟ್ಟಿದ ಇಸವಿ.”

“ನಂದಕ್ಕೂ ನಿಮ್ಮ ಹೆಸರೇನಾ?”

“ಮರೆತುಹೋಗ್ಬಾರ್ದು ಅಂತ ಇಟ್ಟಿದ್ದೆ.”

ಅಲಮೇಲು ಒಂದೇ ಬೆರಳಿನಲ್ಲಿ ನಿಧಾನವಾಗಿ ಒತ್ತಿದರು. ಆ್ಯಪ್ ತೆರೆದುಕೊಂಡಿತು. ಹೊಸ ಪಾಸ್‌ವರ್ಡ್ ಹಾಕುವ ಜಾಗ ಎಲ್ಲಿದೆ ಎಂದು ಸ್ವಲ್ಪ ಹೊತ್ತು ಹುಡುಕಿದರು. ಅನಂತರಾಮು ತೋರಿಸಲೆಂದು ಪಕ್ಕಕ್ಕೆ ಬಾಗಿದರು. ಅಲಮೇಲು ಫೋನನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಎಟಿಎಂನಲ್ಲಿ ಹಿಂದೆ ಯಾರೋ ಗೊತ್ತಿಲ್ಲದವರು ನಿಂತಾಗ ಮಾಡುವ ಹಾಗೆ, ಎಡಗೈ ಅಡ್ಡ ಹಿಡಿದು ಅಕ್ಷರಗಳನ್ನು ಒತ್ತತೊಡಗಿದರು. ಹಸಿರು ದೀಪ ಬಂದು ಹಿಂದಿನ ಆಟೋದವನು ಹಾರ್ನ್ ಹೊಡೆದ. ಅನಂತರಾಮು ಗೇರ್ ಹಾಕಿದರು. ಆಕೆಯ ಕೈ ಇನ್ನೂ ಅಡ್ಡವೇ ಇತ್ತು.